ಕಲಕಿದ ನೀರು

ಯೆಹೆಜ್ಕೇಲ ಪ್ರವಾದಿಯ ಗ್ರಂಥದ 34ನೇ ಅಧ್ಯಾಯದಲ್ಲಿ ಕುರುಬರ ಮೇಲೆ ಬಂದ ಆಕ್ಷೇಪಣೆಯನ್ನು ನಾವೆಲ್ಲರೂ ಬಲ್ಲೆವು. ಅದರ ಮುಂದೆಯೇ ಕೊಬ್ಬಿದ ಕುರಿಗಳ ಮೇಲೆ ಬಂದಿರುವ ಆಕ್ಷೇಪಣೆಯನ್ನಾದರೋ ಓದಿ ದಾಟಿಹೋಗುತ್ತೇವೆ. ಅವು ತಿಳಿನೀರನ್ನು ಕುಡಿದದ್ದು ಅಪರಾಧವಲ್ಲ. ಕುಡಿದ ಮೇಲೆ ಉಳಿದದ್ದನ್ನು ಕಾಲಿನಿಂದ ಕಲಕಿ, ಹಿಂದೆ ಬರುವ ಬಡ ಮಂದೆಗೆ ಅದನ್ನೇ ಬಿಟ್ಟುಹೋದದ್ದು ಅಪರಾಧ. ಹಾಗಾದರೆ ನೀರನ್ನು ಕೆಡಿಸಿದವನು ಏನನ್ನು ಹಿಂದಕ್ಕೆ ಕೊಡಬೇಕು? ತೆಗೆದುಕೊಂಡಷ್ಟು ನೀರನ್ನು ಅಳೆದು ಕೊಟ್ಟರೆ ಸಾಲ ತೀರಿತೋ? ಈ ಪ್ರಶ್ನೆಯನ್ನು ವಿಚಾರಿಸುವದಕ್ಕಾಗಿ ಅಮೇರಿಕಾ ದೇಶದ ಆಗ್ನೇಯ ಮೂಲೆಯಲ್ಲಿರುವ ಫ್ಲೋರಿಡಾ ಸೀಮೆಯ ಒಂದು ದೊಡ್ಡ ಜವುಗು ಭೂಮಿಯ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇವೆ.

ಆ ಜವುಗಿಗೆ ಎವರ್‌ಗ್ಲೇಡ್ಸ್ ಎಂದು ಹೆಸರು. ಪೂರ್ವದಲ್ಲಿ ಒಕೀಚೋಬೀ ಎಂಬ ಮಹಾ ಸರೋವರವು ಮಳೆಗಾಲದಲ್ಲಿ ತುಂಬಿ, ದಕ್ಷಿಣದ ದಂಡೆಯನ್ನು ಮೀರಿ, ಸುಮಾರು 100 ಮೈಲು ದೂರದ ಸಮುದ್ರದ ವರೆಗೆ ಹುಲ್ಲಿನ ನಡುವೆ ತೆಳುವಾಗಿ ಹರಿಯುತ್ತಿತ್ತು. ಹರಿಯುತ್ತಿತ್ತೆಂದು ಹೇಳಿದರೂ ನೋಡುವವನ ಕಣ್ಣಿಗೆ ಅದು ನಿಂತ ನೀರೇ. 1947ರಲ್ಲಿ ಮಾರ್ಜೊರಿ ಸ್ಟೋನ್‌ಮನ್ ಡಗ್ಲಸ್ ಎಂಬಾಕೆಯು ಬರೆದ ಗ್ರಂಥವು ಅದನ್ನು ಹುಲ್ಲಿನ ನದಿಯೆಂದು ಕರೆಯಿತು. ಆ ಹೆಸರೇ ನಿಂತಿತು. ಅಲ್ಲಿಯ ನೀರಿನಲ್ಲಿ ಸಾರವು ಬಹು ಸ್ವಲ್ಪ. ಗರಗಸದಂಥ ಅಂಚುಳ್ಳ ಅಲ್ಲಿಯ ಹುಲ್ಲು, ನೀರಿನಲ್ಲಿ ಹಬ್ಬುವ ಪಾಚಿ, ಆ ಪಾಚಿಯ ಆಶ್ರಯದಲ್ಲಿ ಬದುಕುವ ಹುಳು ಮೀನುಗಳು, ಇವೆಲ್ಲವೂ ಆ ಬಡತನಕ್ಕೆ ತಕ್ಕಂತೆ ಉಂಟುಮಾಡಲ್ಪಟ್ಟವುಗಳು.

ಈ ನೀರನ್ನು ತಡೆದವರನ್ನು ದೂರುವದು ಸುಲಭ. ಆದರೆ 1928ನೇ ಇಸವಿಯ ಬಿರುಗಾಳಿಯಲ್ಲಿ ಆ ಸರೋವರವು ದಂಡೆ ಮೀರಿ ಕಡಿಮೆಯೆಂದರೂ 2,500 ಮಂದಿಯನ್ನು ಕೊಂದಿತು; ಅವರಲ್ಲಿ ಹೆಚ್ಚಿನವರು ಹೊಲದ ಕೂಲಿಗಳಾದ ಬಡ ಕಪ್ಪು ಜನರು. ಅಂಥ ಸ್ಥಳದಲ್ಲಿ ದೊಡ್ಡ ಕಟ್ಟೆಯನ್ನು ಕಟ್ಟಿದವರನ್ನು ನಾವು ತಪ್ಪುಗಾರರೆನ್ನಲಾರೆವು. ಕಾಲುವೆಗಳು ತೋಡಲ್ಪಟ್ಟವು, ಸರೋವರದ ದಕ್ಷಿಣಕ್ಕೆ ಸುಮಾರು 7,00,000 ಎಕರೆ ಜವುಗು ಸಾಗುವಳಿಯ ಭೂಮಿಯಾಯಿತು, ಅದರಲ್ಲಿ ಹೆಚ್ಚಾಗಿ ಕಬ್ಬು ಬೆಳೆಯಿತು. ಹೊಲಗಳಿಂದ ಇಳಿದ ನೀರು ಕೆಳಗಿನ ಜವುಗಿಗೆ ಹೋಯಿತು.

ಆ ನೀರಿನಲ್ಲಿ ಇದ್ದದ್ದು ವಿಷವಲ್ಲ. ಫಾಸ್ಫರಸ್ ಎಂದೂ ರಂಜಕವೆಂದೂ ಹೇಳಲ್ಪಡುವ ಧಾತುವೇ ಅಲ್ಲಿಯ ಮುಖ್ಯ ತೊಂದರೆ. ಅದು ನಮ್ಮ ಎಲುಬುಗಳಲ್ಲಿ ಅದೆ. ಅದಿಲ್ಲದೆ ಪೈರು ಏಳದು. ಗೊಬ್ಬರದಿಂದಲೂ, ನೀರು ಬತ್ತಿದ ಮೇಲೆ ಕೊಳೆತು ಕರಗುತ್ತಿರುವ ಆ ಕಪ್ಪು ಮಣ್ಣಿನಿಂದಲೂ ಅದು ಕಾಲುವೆಗೆ ಇಳಿಯುತ್ತದೆ. ನೂರು ಕೋಟಿ ಪಾಲು ನೀರಿನಲ್ಲಿ ಅದರ 10 ಪಾಲಿಗಿಂತ ಹೆಚ್ಚಾಗಿ ಸೇರುತ್ತಾ ಬಂದರೆ ಪಾಚಿ ಅಳಿಯುತ್ತದೆ, ಜೊಂಡು ದಟ್ಟವಾಗಿ ಎದ್ದು ಗರಗಸ ಹುಲ್ಲನ್ನು ನೂಕಿಬಿಡುತ್ತದೆ, ನೀರುಹಕ್ಕಿಗೆ ಇಳಿಯುವಷ್ಟು ಬಯಲೂ ಉಳಿಯದು. ಒಬ್ಬನ ಹೊಲದಲ್ಲಿ ಆಶೀರ್ವಾದವಾದದ್ದು ನೆರೆಯವನ ನೀರಿನಲ್ಲಿ ಹಾನಿಯಾಯಿತು.

ನಾನು ವಿಷ ಹಾಕಲಿಲ್ಲ, ಗೊಬ್ಬರವನ್ನೇ ಹಾಕಿದೆನು ಎಂದು ಬೆಳೆಗಾರನು ಹೇಳಿದರೆ ಅದು ಸುಳ್ಳಲ್ಲ. ಆದರೂ ಮೋಶೆಯ ಧರ್ಮಶಾಸ್ತ್ರವು ಇಂಥಾ ಉತ್ತರವನ್ನು ಒಪ್ಪುವದಿಲ್ಲ. ಗುಂಡಿಯನ್ನು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತಿನ ಬೆಲೆಯನ್ನು ಕೊಡಬೇಕೆಂದು ವಿಮೋಚನಕಾಂಡದ 21ನೇ ಅಧ್ಯಾಯವು ವಿಧಿಸುತ್ತದೆ. ಅವನ ಮನಸ್ಸಿನಲ್ಲಿ ಹಗೆ ಇತ್ತೋ ಇಲ್ಲವೋ ಎಂದು ಅಲ್ಲಿ ವಿಚಾರಣೆಯಿಲ್ಲ. ಪಾಪವಲ್ಲದ ಕೆಲಸದಿಂದಲೂ ಸಾಲ ಹುಟ್ಟುತ್ತದೆ.

1988ರಲ್ಲಿ ಅಮೇರಿಕಾ ಸರಕಾರವು ಈ ನೀರಿನ ವಿಷಯವಾಗಿ ಫ್ಲೋರಿಡಾದ ಅಧಿಕಾರಿಗಳ ಮೇಲೆ ನ್ಯಾಯಾಲಯಕ್ಕೆ ಹೋಯಿತು. 1994ರಲ್ಲಿ ಫ್ಲೋರಿಡಾದವರು ಒಂದು ಕಾನೂನನ್ನು ಮಾಡಿದರು. ಬೆಳೆಗಾರರು ತಮ್ಮ ಹೊಲಗಳಿಂದ ಇಳಿಯುವ ರಂಜಕದಲ್ಲಿ ನೂರಕ್ಕೆ 25 ಪಾಲನ್ನು ಕಡಿಮೆ ಮಾಡಬೇಕೆಂಬದು ವಿಧಿ. ಅವರು ಬಹು ವರುಷಗಳಲ್ಲಿ ಅದಕ್ಕಿಂತಲೂ ಹೆಚ್ಚಾಗಿಯೇ ಮಾಡಿದ್ದಾರೆ, ಇದನ್ನು ಮುಚ್ಚಿಡುವದು ನ್ಯಾಯವಲ್ಲ. ಇದಲ್ಲದೆ ಸರೋವರದ ಬಡಗಲಲ್ಲಿರುವ ದನಗಳ ಹುಲ್ಲುಗಾವಲುಗಳಿಂದಲೂ ಊರುಗಳಿಂದಲೂ ರಂಜಕವು ಬಂದು ಅದರ ತಳದ ಕೆಸರಿನಲ್ಲಿ ಕೂತದೆ. ಹೀಗಿರುವಾಗ ಯಾವ ಕಾಲು ಎಷ್ಟು ಕಲಕಿತೆಂದು ಹೇಳುವದು ಕಷ್ಟ.

ಜನರೆಲ್ಲರ ಮನಸ್ಸು 1996ರ ನವಂಬರದಲ್ಲಿ ಬೈಲಿಗೆ ಬಂತು. ಕೆಡಿಸಿದವರೇ ಶುದ್ಧಿಯ ವೆಚ್ಚವನ್ನು ಮುಖ್ಯವಾಗಿ ಹೊರಬೇಕೆಂಬ ಮಾತಿಗೆ ಅವರು ಮತ ಕೊಟ್ಟು ಅದನ್ನು ತಮ್ಮ ಸೀಮೆಯ ಮೂಲಶಾಸನದಲ್ಲಿ ಸೇರಿಸಿದರು. ಆ ಪ್ರಾಂತದ ಸಕ್ಕರೆಗೆ ಪೌಂಡಿಗೆ ಒಂದು ಸೆಂಟು ತೆರಿಗೆ ಹಾಕೋಣವೋ ಎಂದು ಅದೇ ದಿನ ಕೇಳಿದಾಗ ಬೇಡವೆಂದರು. ಮರುವರುಷ ಅಲ್ಲಿಯ ಮೇಲು ನ್ಯಾಯಾಲಯವು, ಬೇರೆ ಕಾನೂನು ಮಾಡದ ಹೊರತು ಆ ಮಾತು ತಾನಾಗಿ ನಡೆಯದೆಂದು ಹೇಳಿತು. ಜಕ್ಕಾಯನಾದರೋ ಅನ್ಯಾಯವಾಗಿ ತೆಗೆದುಕೊಂಡದ್ದಿದ್ದರೆ ಎಷ್ಟು ಪಾಲು ಹೆಚ್ಚಿಸಿ ಕೊಡುವೆನೆಂಬದನ್ನು ಕರ್ತನ ಮುಂದೆ ನಿಂತುಕೊಂಡೇ ಹೇಳಿಬಿಟ್ಟನು.

2000ದಲ್ಲಿ, ಮೊದಲ ಅಂದಾಜಿನಂತೆ 780 ಕೋಟಿ ಡಾಲರುಗಳಿಂದ, ದಕ್ಷಿಣಕ್ಕೆ ನೀರನ್ನು ಪುನಃ ಕೊಡುವ ಏರ್ಪಾಡಾಯಿತು. ಇಲ್ಲಿಯೇ ಇಕ್ಕಟ್ಟು. ಕೆಳಗಿನ ಜವುಗು ಬಾಯಾರಿ ಅದೆ. ಶುದ್ಧವಾಗದ ನೀರನ್ನು ಬಿಟ್ಟರೆ ಜೊಂಡು ಮತ್ತಷ್ಟು ಮುಂದೆ ಹೋಗುತ್ತದೆ. ಬಿಡದಿದ್ದರೆ ಭೂಮಿ ಒಣಗುತ್ತದೆ. ಇಲ್ಲದ್ದಕ್ಕಿಂತ ಕಲಕಿದ್ದಾದರೂ ಆದೀತೆಂದು ಮೇಲಿರುವವರು ಹೇಳಬಹುದೋ? ಆ ಜವುಗಿನಲ್ಲಿಯೇ ವಾಸಿಸುವ ಮಿಕ್ಕೋಸೂಕೀ ಎಂಬ ಮೂಲನಿವಾಸಿಗಳು ಒಪ್ಪಲಿಲ್ಲ. ಅವರು ತಮ್ಮ ನೀರಿಗೆ 10 ಪಾಲಿನ ಮೇರೆಯನ್ನು ತಾವೇ ಇಟ್ಟರು. 1999ರಲ್ಲಿ ಅಮೇರಿಕಾ ಸರಕಾರವು ಅದನ್ನು ಅಂಗೀಕರಿಸಿತು. ಅವರು ಕೇಳಿದ್ದು ಸರಿಯೆಂಬದು ನಮ್ಮ ಅಭಿಪ್ರಾಯ. ಯಾಕಂದರೆ ತಿಳಿನೀರನ್ನು ತೆಗೆದುಕೊಂಡವನು ತಿಳಿನೀರಿನ ಸಾಲಗಾರನು.

ಈ ಸಾಲಕ್ಕೆ ಭೂಮಿಯೇ ಬೇಕಾಗುತ್ತದೆ. ಹೊಲಗಳಿಗೂ ಜವುಗಿಗೂ ನಡುವೆ ಸುಮಾರು 60,000 ಎಕರೆಯನ್ನು ಬದುಗಳಿಂದ ಸುತ್ತಿ, ನೀರನ್ನು ತೊಳೆಯುವ ಕೃತ್ರಿಮ ಜವುಗುಗಳನ್ನಾಗಿ ಮಾಡಿದ್ದಾರೆ. ಅದರಲ್ಲಿ ಬಹು ಭಾಗವು ಮೊದಲು ಬೆಳೆ ಬೆಳೆಯುತ್ತಿದ್ದ ನೆಲ. ಕೆಳಗೆ ಶತ್ರುವಾಗಿರುವ ಆ ಜೊಂಡೇ ಇಲ್ಲಿ ಆಳಾಗಿ ದುಡಿಯುತ್ತದೆ: ಬೇರಿನಿಂದ ರಂಜಕವನ್ನು ಹೀರಿ, ಸತ್ತು, ತಳದ ಕೆಸರಿನಲ್ಲಿ ಅದನ್ನು ಹೂಣಿಡುತ್ತದೆ. ನೀರು ಅಲ್ಲಿ ಬಹು ದಿನ ತಂಗಿದ ಮೇಲೆ ತೂಬುಗಳ ಮೂಲಕ ದಕ್ಷಿಣಕ್ಕೆ ಬಿಡಲ್ಪಡುತ್ತದೆ.