ಹಾಡು ಕೇಳುತ್ತೇವೆ, ಮಾತು ಕೇಳುತ್ತೇವೆಯೇ?



"ಫಾದರ್, ಫೋನು ನನ್ನದು, ಕಿವಿ ನನ್ನದು. ಇಯರ್‌ಫೋನ್ ಹಾಕಿಕೊಂಡು ನನ್ನ ಪಾಡಿಗೆ ನಾನು ಹಾಡು ಕೇಳಿದರೆ ಯಾರಿಗೆ ಏನು ಅನ್ಯಾಯ?" ಕಾಲೇಜಿಗೆ ಹೋಗುವ ಹುಡುಗನೊಬ್ಬ ತನ್ನ ತಾಯಿಯ ಎದುರಿನಲ್ಲೇ ನನ್ನ ಮುಂದೆ ಇಟ್ಟ ಪ್ರಶ್ನೆ ಇದು. ತಾಯಿಯ ದೂರೇ ಬೇರೆ: "ಮನೆಯಾಗ ಇದ್ದೂ ಇಲ್ಲದಂಗ ಇರ್ತಾನ್ರಿ ಫಾದರ್. ಮೂರು ಸಲ ಕರದ್ರ ಒಂದು ಸಲ ತಿರುಗಿ ನೋಡ್ತಾನ."

ಹುಡುಗನನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಗದರಿಕೆ ಉತ್ತರವಾಗುವುದಿಲ್ಲ. ಯಾರಿಗೂ ತೊಂದರೆ ಕೊಡದ ಸಂತೋಷದಲ್ಲಿ ತಪ್ಪಿರಲು ಸಾಧ್ಯವೇ? ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆ ಇಂದು ನಮ್ಮ ಮನೆಮನೆಯ ಪಡಸಾಲೆಗೆ ಬಂದು ಕುಳಿತಿದೆ. ಅದನ್ನು ಸ್ವಲ್ಪ ನಿಧಾನವಾಗಿ ವಿಚಾರ ಮಾಡೋಣ.

ಮೊದಲು ಹುಡುಗನ ಪರವಾಗಿ ಎರಡು ಮಾತು. ಹರಪನಹಳ್ಳಿಯಿಂದ ಹಲವಾಗಲಿನ ಕಡೆಗೆ ಸಂಜೆಯ ಬಸ್ಸಿನಲ್ಲಿ ಹೋಗಿ ನೋಡಿ. ಮುಂದಿನ ಸೀಟಿನ ಫೋನಿನಲ್ಲಿ ಒಂದು ಸಿನಿಮಾ ಹಾಡು, ಹಿಂದಿನ ಸೀಟಿನ ಫೋನಿನಲ್ಲಿ ಯಾವುದೋ ಭಾಷಣ, ಪಕ್ಕದಲ್ಲಿ ನಗೆಚಾಟಿಕೆ. ಎಲ್ಲವೂ ಒಟ್ಟಿಗೆ, ಎಲ್ಲವೂ ಜೋರಾಗಿ. ದುಡಿದು ದಣಿದು ಮನೆಗೆ ಹೊರಟವರು ಕಣ್ಣು ಮುಚ್ಚುವಂತಿಲ್ಲ. ಅಂಥ ಕಡೆ ಇಯರ್‌ಫೋನ್ ಹಾಕಿಕೊಂಡು ಕುಳಿತವನೇ ಸಭ್ಯ. ಎರಡನೆಯದಾಗಿ, ಹಾಡಿನ ಹುಚ್ಚು ಪಾಪವಲ್ಲ. ಅದು ನನಗೂ ಇದೆ. ನನ್ನ ಕೋಣೆಯಲ್ಲಿ ಹಳೆಯ ಟೇಪ್‌ರೆಕಾರ್ಡರ್ ಇದೆ, ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳಿವೆ. ಆದ್ದರಿಂದ ಇದು ಯಂತ್ರಗಳ ವೈರಿಯ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ.

ಧ್ವನಿಮುದ್ರಣ ಜನಸಾಮಾನ್ಯರಿಗೆ ಮಾಡಿದ ಉಪಕಾರ ದೊಡ್ಡದು. 1902ರ ನವೆಂಬರಿನಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರ ಕಹಳೆಯಂಥ ಕೊಳವೆಯ ಮುಂದೆ ನಿಂತು ಹಾಡಿದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕಾಗಿತ್ತು. ಮುದ್ರಿಸಿದ ಮೇಣದ ತಟ್ಟೆ ಜರ್ಮನಿಗೆ ಹೋಗಿ ಅಚ್ಚಾಗಿ ಬರಬೇಕಾದ್ದರಿಂದ, ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಲೆಂದು ಕೊನೆಗೆ ಆಕೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಅರಮನೆ ಮತ್ತು ಸಿರಿವಂತರ ಸಭೆಗಳಲ್ಲಿ ಮಾತ್ರ ಕೇಳುತ್ತಿದ್ದ ಕಂಠ ಹೀಗೆ ಬೀದಿಗೆ ಬಂತು. ಆಕೆ 1928ರಲ್ಲಿ ಮೈಸೂರು ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಂಠ ಮಾತ್ರ ಇಂದಿಗೂ ಉಳಿದಿದೆ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಈ ಉಪಕಾರ ಇನ್ನೂ ಹಿಗ್ಗಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದಾಗ, ಪುಸ್ತಕ ಓದಲು ಬಾರದವರ ಬಾಯಲ್ಲೂ ಕನ್ನಡ ಕವಿತೆ ನಲಿಯಿತು.

ಹಾಡಿನ ಹುಚ್ಚರು ಇಬ್ಬರು ಸೇರಿದರೆ 'ಕ್ಯಾಸೆಟ್ಟು ಮೇಲೋ, ಫೋನು ಮೇಲೋ' ಎಂಬ ಚರ್ಚೆ ಇದ್ದದ್ದೇ. ನನ್ನ ಅಭಿಪ್ರಾಯ ಇಷ್ಟು: ಧ್ವನಿಯ ಶುದ್ಧಿಯಲ್ಲಿ ಕ್ಯಾಸೆಟ್ಟು ಸೋಲುತ್ತದೆ. ಟೇಪು ಓಡುವಾಗಿನ ಸರಸರ ಸದ್ದು ಹಾಡಿನ ಹಿಂದೆ ಯಾವಾಗಲೂ ಇರುತ್ತದೆ. ನೂರಿಪ್ಪತ್ತು ನಿಮಿಷದ ತೆಳು ಟೇಪಾದರೆ ಯಂತ್ರಕ್ಕೆ ಸುತ್ತಿಕೊಂಡು ಹಾಳಾಗುವುದೂ ಉಂಟು. ಎಂ.ಪಿ.3 ಎಂಬ ವಿಧಾನ ನಮ್ಮ ಕಿವಿ ಗಮನಿಸದೆ ಬಿಡುವ ಸೂಕ್ಷ್ಮ ಧ್ವನಿಗಳನ್ನು ಕಳೆದು ಹಾಡನ್ನು ಚಿಕ್ಕದು ಮಾಡುತ್ತದೆ, ನಿಜ. ಚೆನ್ನಾಗಿ ಮಾಡಿದ್ದರೆ ಸಾಮಾನ್ಯ ಕಿವಿಗೆ ಆ ನಷ್ಟ ತಿಳಿಯುವುದೇ ಇಲ್ಲ. ಆದರೆ ಕ್ಯಾಸೆಟ್ಟಿಗೆ ಒಂದು ಗುಣವಿತ್ತು. ಬೇಡವಾದ ಹಾಡನ್ನು ದಾಟಿ ಹೋಗುವುದು ರೇಜಿಗೆಯ ಕೆಲಸವಾದ್ದರಿಂದ, ಅದನ್ನೂ ಕೇಳುತ್ತಿದ್ದೆವು. ಮೊದಲ ಸಲ ಸಪ್ಪೆಯೆನಿಸಿದ ಹಾಡು ಹತ್ತನೆಯ ಸಲಕ್ಕೆ ಮನಸ್ಸಿಗೆ ಹತ್ತಿರವಾಗುತ್ತಿತ್ತು. ಇಂದು ಹತ್ತು ಸೆಕೆಂಡಿನಲ್ಲಿ ಹಿಡಿಸದಿದ್ದರೆ ಬೆರಳಿನಿಂದ ಸರಿಸಿಬಿಡುತ್ತೇವೆ. ಹಾಡನ್ನು ಸರಿಸಿದರೆ ಹಾಡಿಗೆ ನೋವಿಲ್ಲ. ಆದರೆ ಬೆರಳಿಗೆ ಬಂದ ಅಭ್ಯಾಸ ಮನಸ್ಸಿಗೂ ಬರುತ್ತದೆ. ಅದೇ ಕಥೆಯನ್ನು ಮತ್ತೆ ಹೇಳುವ ಅಜ್ಜ, ತಡವರಿಸಿ ಮಾತಾಡುವ ತಂಗಿ, ನೋವು ತೋಡಿಕೊಳ್ಳಲು ಬಂದ ನೆರೆಯವರು: ಇವರನ್ನು ಸರಿಸುವ ಗುಂಡಿ ಇಲ್ಲ. ಇಲ್ಲದ ಗುಂಡಿಯನ್ನು ನಮ್ಮ ಮನಸ್ಸು ಹುಡುಕತೊಡಗಿದರೆ ಅಲ್ಲಿಂದ ಅಪಾಯ ಶುರುವಾಗುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಕನ್ನಡವೇ ಸಹಾಯ ಮಾಡುತ್ತದೆ. 'ಕೇಳು' ಎಂಬ ಒಂದು ಮಾತಿಗೆ ನಮ್ಮಲ್ಲಿ ಮೂರು ಅರ್ಥಗಳಿವೆ. ಹಾಡು ಕೇಳುವುದೆಂದರೆ ಆಲಿಸುವುದು. 'ಹೇಳಿದ ಮಾತು ಕೇಳುತ್ತಾನೆ' ಎಂದರೆ ವಿಧೇಯನಾಗಿರುತ್ತಾನೆ ಎಂದರ್ಥ. 'ಅವರನ್ನು ಕೇಳಿ ತೆಗೆದುಕೋ' ಎಂದರೆ ಅನುಮತಿ ಬೇಡು ಎಂದರ್ಥ. ಲ್ಯಾಟಿನ್ ಭಾಷೆಯಲ್ಲಿಯೂ ವಿಧೇಯತೆಗಿರುವ ಪದ 'ಆಲಿಸು' ಎಂಬ ಪದದಿಂದಲೇ ಹುಟ್ಟಿದೆ. ಯಂತ್ರ ನಮಗೆ ಮೊದಲನೆಯ ಕೇಳುವಿಕೆಯನ್ನು ಧಾರಾಳವಾಗಿ ಕೊಡುತ್ತದೆ. ಉಳಿದ ಎರಡನ್ನು ಅದು ಕೊಡಲಾರದು. ಅವನ್ನು ನಾವೇ ಬೆಳೆಸಿಕೊಳ್ಳಬೇಕು.

ಆಲಿಸುವುದನ್ನೇ ಮೊದಲು ನೋಡೋಣ. ಜಪಾನಿನ ಸೋನಿ ಕಂಪನಿ 1979ರ ಜುಲೈ 1ರಂದು ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಇಯರ್‌ಫೋನ್ ಸಂಸ್ಕೃತಿ ಹರಡಿದ್ದು ಅಲ್ಲಿಂದ. ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅದನ್ನು ಮನೆಯಲ್ಲಿ ಪರೀಕ್ಷಿಸುತ್ತಿದ್ದಾಗ, ತಮ್ಮನ್ನು ಹೊರಗಿಟ್ಟಂತಾಯಿತೆಂದು ಅವರ ಪತ್ನಿ ಬೇಸರಪಟ್ಟರಂತೆ. ಒಬ್ಬರೇ ಹಾಡು ಕೇಳುವುದು ಮರ್ಯಾದೆಯಲ್ಲವೆಂದು ಮೊರಿಟಾ ಅವರಿಗೂ ಅನಿಸಿತು. ಆದ್ದರಿಂದ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಒಟ್ಟಿಗೆ ಕೇಳಲು ಎರಡು ತೂತುಗಳಿದ್ದವು. ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಯಂತ್ರದ ಮೈಕಿನ ಮೂಲಕ ಕೇಳಿಸುತ್ತಿತ್ತು. ಆದರೆ ಕೊಂಡವರು ಹಂಚಿಕೊಳ್ಳಲು ಬಯಸಲಿಲ್ಲ. ತಮಗೆ ತಮ್ಮದೇ ಯಂತ್ರ ಬೇಕೆಂದರು. ಮುಂದಿನ ಮಾದರಿಗಳಲ್ಲಿ ಎರಡನೆಯ ತೂತೂ ಹೋಯಿತು, ಆ ಗುಂಡಿಯೂ ಹೋಯಿತು. ಯಂತ್ರ ನಮ್ಮನ್ನು ಒಂಟಿಯಾಗಿಸಿತು ಎನ್ನುತ್ತೇವೆ. ಆದರೆ ಯಂತ್ರ ಮೊದಲು ಎರಡು ಬಾಗಿಲು ತೆರೆದೇ ಬಂದಿತ್ತು. ಒಂದನ್ನು ಮುಚ್ಚಿಸಿದವರು ಮನುಷ್ಯರು.

ಇನ್ನು ಎರಡನೆಯ ಅರ್ಥ, ವಿಧೇಯತೆ. ನಮ್ಮ ನೆರೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ನಿಮಗೆಲ್ಲ ತಿಳಿದದ್ದೇ. ಅದು ನಮ್ಮ ವಿಶ್ವಾಸದ ಆಚರಣೆಯಲ್ಲ. ಆದರೂ ಅಲ್ಲಿ ಕಲಿಯಬೇಕಾದ ಒಂದು ಸಂಗತಿ ಇದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಬರುವುದು ಒಂದೇ ಒಂದು ಸಾಲಿನ ಕಾರಣಿಕ. ಮತ್ತೊಮ್ಮೆ ಹೇಳೆಂದು ಯಾರೂ ಬೇಡುವಂತಿಲ್ಲ. ಆ ಮಾತು ಇಂದು ನಿಮಿಷಗಳಲ್ಲಿ ಎಲ್ಲರ ಫೋನಿಗೂ ಬರುತ್ತದೆ. ಆದರೆ ಆ ಮೌನ ಫೋನಿಗೆ ಬರುವುದಿಲ್ಲ. ಬೇಕೆಂದಾಗ ನಿಲ್ಲಿಸಿ, ಬೇಕೆಂದಾಗ ಹಿಂದಕ್ಕೆ ತಿರುಗಿಸುವ ಧ್ವನಿ ನಮ್ಮ ಆಳಿನಂತೆ. ಎದುರಿಗೆ ನಿಂತು ಒಮ್ಮೆ ನುಡಿಯುವ ಧ್ವನಿಗಾದರೆ ನಾವೇ ಸಿದ್ಧರಾಗಿ ಕಾಯಬೇಕು.

ಇಂಪಿಗೂ ಮಾತಿಗೂ ನಡುವಿನ ಈ ತೊಡಕು ಸಂತ ಅಗಸ್ಟೀನರನ್ನೂ ಕಾಡಿತ್ತು. ಸುಮಾರು ಕ್ರಿ.ಶ. 400ರ ಹೊತ್ತಿಗೆ ಬರೆದ ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ದೇವಾಲಯದ ಹಾಡಿನಲ್ಲಿರುವ ಮಾತಿಗಿಂತ ಹಾಡಿದ ಕಂಠವೇ ತಮ್ಮ ಮನಸ್ಸನ್ನು ಹೆಚ್ಚು ಸೆಳೆದಾಗ ಅದನ್ನು ಅವರು ದೋಷವೆಂದು ಎಣಿಸುತ್ತಾರೆ. ಆದರೂ ಹಾಡು ಬೇಡವೆಂದು ಅವರು ಹೇಳಲಿಲ್ಲ. ಧರ್ಮಸಭೆಯೂ ಇದೇ ವಿವೇಕದಿಂದ ನಡೆದುಕೊಂಡಿದೆ. ಪೂಜಾವಿಧಿಗಳಲ್ಲಿ ಗ್ರಾಮಫೋನು, ಟೇಪುಗಳನ್ನು ಬಳಸಬಾರದೆಂದು ರೋಮಿನಿಂದ 1958ರ ಸೆಪ್ಟೆಂಬರಿನಲ್ಲಿ ಬಂದ ಸೂಚನೆ ಹೇಳಿತು. ಕ್ಯಾಸೆಟ್ಟು ಹುಟ್ಟಿದ ವರ್ಷವೇ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಎರಡು ದಾಖಲೆಗಳನ್ನು ಒಟ್ಟಿಗೆ ಹೊರಡಿಸಿತು. ಒಂದು ಹೊಸ ಸಂಪರ್ಕ ಸಾಧನಗಳನ್ನು ಸ್ವಾಗತಿಸಿತು. ಇನ್ನೊಂದು ಪೂಜೆಯಲ್ಲಿ ಜನರೆಲ್ಲ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದಿತು. ಪೆನ್‌ಡ್ರೈವಿನ ಹಾಡು ಎಷ್ಟೇ ಇಂಪಾಗಿರಲಿ, ಅದು ನಮ್ಮ ಪರವಾಗಿ ಪ್ರಾರ್ಥಿಸಲಾರದು. ಅಪಸ್ವರದಲ್ಲಾದರೂ ಹಿಂದಿನ ಸಾಲಿನ ಅಜ್ಜಿಯೇ ಬಾಯಿ ತೆರೆದು ಹಾಡಬೇಕು.

ಮೂರನೆಯ ಅರ್ಥ, ಅನುಮತಿ ಬೇಡುವುದು. ನಮಗೆಲ್ಲ ಪ್ರಿಯರಾಗಿದ್ದ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರ ಸೆಪ್ಟೆಂಬರ್ 25ರಂದು ನಮ್ಮನ್ನಗಲಿದರು. 2023ರಲ್ಲಿ ಬಂದ ಒಂದು ತೆಲುಗು ಚಿತ್ರದಲ್ಲಿ ಕೃತಕ ಬುದ್ಧಿಮತ್ತೆಯಿಂದ ಅವರ ಕಂಠವನ್ನು ಮರುಸೃಷ್ಟಿಸಿ ಬಳಸಲಾಗಿದೆಯೆಂದು ಮಗ ಚರಣ್ ವಕೀಲರ ನೋಟಿಸು ಕಳುಹಿಸಿದ ಸುದ್ದಿ 2024ರಲ್ಲಿ ಬಂತು. ಕುಟುಂಬದವರನ್ನು ಕೇಳಲಿಲ್ಲ ಎಂಬುದೇ ಅವರ ನೋವು. ಅದೇ ವರ್ಷ ಎ.ಆರ್. ರೆಹಮಾನ್ ತಮಿಳು ಚಿತ್ರವೊಂದರಲ್ಲಿ ತೀರಿಕೊಂಡ ಇಬ್ಬರು ಗಾಯಕರ ಕಂಠಗಳನ್ನು ಹೀಗೆಯೇ ಬಳಸಿದಾಗ, ಅವರ ಮನೆಯವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟದ್ದಾಗಿ ತಿಳಿಸಿದರು. ಯಂತ್ರ ಒಂದೇ ಬಗೆಯದು. ಕೇಳಿದ್ದು ಮತ್ತು ಕೇಳದಿದ್ದದ್ದು ಮಾತ್ರ ಬೇರೆ. ಧ್ವನಿ ಒಬ್ಬ ವ್ಯಕ್ತಿಗೆ ಸೇರಿದ್ದು, ಮುದ್ರಿಸಿಟ್ಟುಕೊಂಡ ಮಾತ್ರಕ್ಕೆ ನಮ್ಮ ಸ್ವತ್ತಾಗುವುದಿಲ್ಲ. ಮನೆಯ ಹಿರಿಯರು ಅಳುವುದನ್ನೋ ಜಗಳವಾಡುವುದನ್ನೋ ಅವರಿಗೆ ತಿಳಿಯದಂತೆ ಮುದ್ರಿಸಿ ಗುಂಪಿಗೆ ಕಳುಹಿಸುವವರು ಇದನ್ನು ನೆನಪಿಡಬೇಕು.

ಒಳ್ಳೆಯ ರೀತಿಯಲ್ಲಿ ಕೇಳಿದರೆ ಮುದ್ರಣವೇ ಸೇವೆಯಾಗುತ್ತದೆ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಬಾರದವರು. ಹಿರಿಯರಿಂದ ಕಿವಿಯಿಂದಲೇ ಕಲಿತ ಬುರ್ರಕಥೆಗಳನ್ನು ರಾತ್ರಿಯಿಡೀ ಹಾಡಬಲ್ಲವರಾಗಿದ್ದರು. ಅವರು 2014ರಲ್ಲಿ ತೀರಿಕೊಳ್ಳುವ ಮುನ್ನವೇ ವಿದ್ವಾಂಸರು ಅವರ ಮುಂದೆ ಕುಳಿತು, ಕೇಳಿ, ಮುದ್ರಿಸಿಕೊಂಡದ್ದರಿಂದ ಆ ಕಾವ್ಯಗಳಲ್ಲಿ ಕೆಲವು ನಮಗೆ ಉಳಿದಿವೆ. ನಮ್ಮ ಮನೆಗಳಲ್ಲೂ ಬೀಸುವ ಪದ, ಸೋಬಾನೆ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಫೋನು ಎಲ್ಲರ ಜೇಬಿನಲ್ಲಿದೆ. "ಅಜ್ಜಿ, ಒಂದು ಪದ ಹೇಳ್ತೀಯಾ?" ಎಂದು ಕೇಳುವ ಬಾಯಿ ಮಾತ್ರ ಇಲ್ಲ. ಅಜ್ಜಿ ತೀರಿಕೊಂಡ ಮೇಲೆ, ಹಳೆಯ ಫೋನಿನಲ್ಲಿ ಉಳಿದ ಅರ್ಧ ನಿಮಿಷದ ಧ್ವನಿಯನ್ನು ಮತ್ತೆ ಮತ್ತೆ ಹಾಕಿ ಅಳುವ ಮಕ್ಕಳನ್ನು ಕಂಡಿದ್ದೇನೆ. ಆ ಅರ್ಧ ನಿಮಿಷ ದೊಡ್ಡ ಸಮಾಧಾನವೇ ಸರಿ. ಆದರೆ ಅದು ಹೇಳಿದ್ದನ್ನೇ ಹೇಳುತ್ತದೆ. ನಾವು ಏನಾದರೂ ಕೇಳಿದರೆ ಅದು ಉತ್ತರಿಸುವುದಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಹಾಡು ಕೇಳಿದ್ದರಲ್ಲಿ ಅನ್ಯಾಯವಿಲ್ಲ. ಆದರೆ ನ್ಯಾಯವೆಂದರೆ ತೊಂದರೆ ಕೊಡದಿರುವುದಷ್ಟೇ ಅಲ್ಲ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಕೂಗಿದ ತಾಯಿಗೆ ಓಗೊಡುವುದು ಸಲ್ಲಬೇಕಾದ ಋಣ. ಮೂರು ಸಲದಲ್ಲಿ ಎರಡು ಸಲ ಆ ಋಣ ಬಾಕಿ ಉಳಿಯಿತು. ಮಾಡಿದ್ದರಲ್ಲಿ ತಪ್ಪಿಲ್ಲ, ಮಾಡದೆ ಬಿಟ್ಟದ್ದರಲ್ಲಿ ಇದೆ.

ತಾಯಿಗೂ ಒಂದು ಮಾತು. ಮಗನನ್ನು ಕರೆಯುವುದು ನೀರು ತರಲು, ಅಂಗಡಿಗೆ ಕಳುಹಿಸಲು, ಅಂಕ ಕಡಿಮೆಯಾಯಿತೆಂದು ಬೈಯಲು ಮಾತ್ರವಾದರೆ, ಆ ಕಿವಿ ಹಾಡಿನಲ್ಲಿ ಅಡಗಿಕೊಳ್ಳುವುದು ಸಹಜ. ಸಂಜೆಯೆಲ್ಲ ಧಾರಾವಾಹಿ ನೋಡುವ ನಾವು ಅವನ ಫೋನನ್ನು ಮಾತ್ರ ದೂರಿದರೆ ಅವನು ಒಪ್ಪುವುದಿಲ್ಲ. ಇಯರ್‌ಫೋನಿಗೆ ಇಂದಿಗೂ ಎರಡು ತುದಿಗಳಿವೆ. "ಯಾವ ಹಾಡಪ್ಪಾ ಅದು? ನನಗೂ ಒಂದು ಕೊಡು" ಎಂದು ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಮ್ಮ. ಹಾಡು ನಿಮಗೆ ಹಿಡಿಸದಿರಬಹುದು. ಆದರೂ ನಡುವೆ ಸರಿಸದೆ ಕೊನೆಯವರೆಗೆ ಕೇಳಿ. ಆಮೇಲೆ ನಿಮ್ಮ ಕಾಲದ ಒಂದು ಹಾಡನ್ನು ಅವನಿಗೆ ಹಾಡಿ ತೋರಿಸಿ. ಮುಂದಿನ ಸಲ ನೀವು ಕರೆದಾಗ ಅವನು ತಿರುಗಿ ನೋಡಲು ಅವನಿಗೂ ಒಂದು ಕಾರಣ ಇರುತ್ತದೆ.