ಆಜ್ಞೆಯಿಲ್ಲದ ಸಂಯಮ

ಇರುವೆಗಳ ಗೂಡಿನಲ್ಲಿ ರಾಣಿಯೆಂಬ ಹೆಸರಿನವಳಿದ್ದರೂ ಆಕೆ ಆಳುವವಳಲ್ಲ. ಮೊಟ್ಟೆಯಿಡುವುದಷ್ಟೇ ಆಕೆಯ ಕಾರ್ಯ. ಆಜ್ಞಾಪಿಸುವವರಿಲ್ಲದ ಇಂತಹ ಸಮೂಹವು ಸಂಯಮವನ್ನು ತೋರಬಲ್ಲುದೇ?

ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಮರುಭೂಮಿಯಲ್ಲಿ ಬೀಜ ಸಂಗ್ರಹಿಸುವ ಕೆಂಪಿರುವೆಗಳನ್ನು ಡೆಬೊರಾ ಗಾರ್ಡನ್ ಎಂಬ ವಿಜ್ಞಾನಿ 1985ರಿಂದ ಅಭ್ಯಸಿಸುತ್ತ ಬಂದಿದ್ದಾರೆ. ಬೀಜ ಹೊತ್ತು ಮರಳಿದ ಇರುವೆಗಳ ಮೀಸೆ ತಾಗಿದಂತೆಲ್ಲ ಒಳಗೆ ಕಾದಿರುವವು ಹೊರಡುತ್ತವೆ. ಮರಳುವವು ವಿರಳವಾದರೆ ಹೊರಡುವವೂ ವಿರಳ. ಬಿಸಿಲಿನಲ್ಲಿ ಅಲೆಯುವಾಗ ದೇಹದ ನೀರು ಆರುತ್ತದೆ. ಆ ನೀರನ್ನು ಅವು ಪಡೆಯುವುದೂ ಬೀಜಗಳಿಂದಲೇ. ಒಣಹವೆಯ ದಿನಗಳಲ್ಲಿ ಕೆಲವು ಗೂಡುಗಳು ಸಂಗ್ರಹವನ್ನು ತಗ್ಗಿಸಿದವು. ಹಾಗೆ ತಗ್ಗಿಸಿದ ಗೂಡುಗಳಿಂದಲೇ ಹೆಚ್ಚು ಮರಿಗೂಡುಗಳು ಹುಟ್ಟಿದುವೆಂದು 2013ರಲ್ಲಿ ಪ್ರಕಟವಾದ ಆಕೆಯ ಅಧ್ಯಯನವು ತಿಳಿಸಿತು.

ಇದು ವ್ರತವೇ? ಅಲ್ಲ. ಶಾಸ್ತ್ರದ ಎಣಿಕೆಯಲ್ಲಿ ಇರುವೆಯು ಮೂರು ಇಂದ್ರಿಯಗಳುಳ್ಳ, ಮನಸ್ಸಿಲ್ಲದ ಜೀವ. ತ್ಯಜಿಸುವೆನೆಂದು ಯಾವ ಇರುವೆಯೂ ಸಂಕಲ್ಪಿಸಲಿಲ್ಲ. ನೆರೆಯದು ಮರಳಲಿಲ್ಲ, ತಾನು ಹೊರಡಲಿಲ್ಲ. ಆದರೆ ಪರ್ವದ ದಿನ ಮನೆಮಂದಿಯೆಲ್ಲ ಉಪವಾಸವಿರುವರೆಂದು ತಾನೂ ಉಣ್ಣದವನ ಸ್ಥಿತಿ ಇದಕ್ಕಿಂತ ಎಷ್ಟು ಭಿನ್ನ? ಅವನನ್ನು ಹಳಿಯಲಾಗದು, ಪರರ ಸಂಯಮವೇ ಅವನಿಗೆ ಮೊದಲ ಮೆಟ್ಟಿಲಾಯಿತು. ಆದರೂ ಎಲ್ಲರೂ ಉಂಡ ದಿನ ಅವನೂ ಉಂಡಾನು. ಸಮೂಹವು ಕೊಟ್ಟದ್ದನ್ನು ಸಮೂಹವೇ ಹಿಂದೆಗೆದೀತು. ತಿಳಿದು ಬಿಟ್ಟದ್ದು ಮಾತ್ರ ಒಬ್ಬಂಟಿಯಾಗಿರುವಾಗಲೂ ಬಿಟ್ಟೇ ಇರುತ್ತದೆ.

ಆದುದರಿಂದ ಎಳೆಯರಿಗೆ ಉಪವಾಸವನ್ನು ರೂಢಿ ಮಾಡಿಸುವ ಹಿರಿಯರು ಅದರ ಕಾರಣವನ್ನೂ ತಿಳಿಸಿ, ಸಂಕಲ್ಪವನ್ನು ಅವರಿಗೇ ಬಿಡುವುದು ಉಚಿತ.