ಈರುಳ್ಳಿ ಜಾತ್ರೆಯಲ್ಲೊಂದು ತಟ್ಟೆ



ಜರ್ಮನಿಗೆ ಓದಲು ಹೋಗಿರುವ ನಮ್ಮ ಬಳಗದ ಸಹೋದರಿಯೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅಲ್ಲಿನ ವೈಮಾರ್ ಊರಲ್ಲಿ ಅಕ್ಟೋಬರ್ ಎರಡನೇ ವಾರಾಂತ್ಯ ಈರುಳ್ಳಿ ಜಾತ್ರೆ. 1653ರಷ್ಟು ಹಿಂದೆಯೇ ಅದರ ದಾಖಲೆ ಇದೆ. ಒಣಹೂವು ಸೇರಿಸಿ ಜಡೆಯಂತೆ ಹೆಣೆದ ಈರುಳ್ಳಿ, ಬಿಸಿಬಿಸಿ ಈರುಳ್ಳಿ ಕೇಕು, ಕೆಂಡದ ಮೇಲೆ ಸುಟ್ಟ ಸಾಸೇಜು. ನಮ್ಮ ಮಡಿಯವರು ಅಡುಗೆಮನೆಯಿಂದ ಹೊರಗಿಟ್ಟ ಈರುಳ್ಳಿಗೆ ಅಲ್ಲಿ ಊರೇ ಹಬ್ಬ ಮಾಡುತ್ತೆ ಸರ್ ಎಂದು ನಕ್ಕರು.

ಅವರ ಪ್ರಶ್ನೆ: ಧಮ್ಮದೀಕ್ಷೆಯ ದಿನ ಅಕ್ಟೋಬರ್ 14. ಅದೇ ಆಸುಪಾಸಿನಲ್ಲಿ ಹೀಗೆ ತಿಂದು ನಲಿಯುವುದು ತಪ್ಪೇ?

ತಪ್ಪಲ್ಲ. ಕೋಸಲದ ರಾಜ ಪಸೇನದಿ ಹೊಟ್ಟೆಬಿರಿಯ ಉಂಡು ಏದುಸಿರು ಬಿಡುತ್ತಾ ಬಂದಾಗ ಬುದ್ಧರು ಉಪವಾಸ ಹೇಳಲಿಲ್ಲ, ಅಳತೆ ಹೇಳಿದರು. ಆ ಮಾತನ್ನು ಊಟದ ಹೊತ್ತಿಗೆ ನೆನಪಿಸಲೆಂದೇ ರಾಜ ಸುದಸ್ಸನ ಎಂಬ ಹುಡುಗನಿಗೆ ದಿನಕ್ಕೆ ನೂರು ಕಹಾಪಣ ಗೊತ್ತುಮಾಡಿದ. (ಇನ್ನೊಂದು ಮುದ್ದೆ ಹಾಕುವ ನಮ್ಮ ಅವ್ವಂದಿರಿಗೆ ಆ ಕೆಲಸ ಸಿಗುತ್ತಿರಲಿಲ್ಲ!) ಎಚ್ಚರ ಬೇಕಾದದ್ದು ಅಲ್ಲಿ ಮಾರುವ ಫೆಡರ್‌ವೈಸರ್ ಬಗ್ಗೆ. ಇನ್ನೂ ಹುದುಗುತ್ತಿರುವ ದ್ರಾಕ್ಷಾರಸ ಅದು, ಜ್ಯೂಸಿನಂತೆ ಸಿಹಿ, ಆದರೆ ಮದ್ಯವೇ. ಐದನೇ ಶೀಲ ವಿಮಾನ ಹತ್ತಿದ ಮೇಲೂ ಜೊತೆಗಿರುತ್ತದೆ.

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಉದ್ದನೆಯ ಬೆಂಚಿನಲ್ಲಿ ಅಪರಿಚಿತರ ಪಕ್ಕ ಕೂತು ತಿನ್ನುತ್ತಿದ್ದರಂತೆ. ಯಾರೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಕನ್ನಡ ಮಾತಾಡುವ ಗುಂಪೊಂದು ಬಂತು. ಖುಷಿಯಾಯಿತು. "ಯಾವೂರು? ಮನೇಲಿ ವೆಜ್ಜಾ?" ಇವರು ಕೈಯಲ್ಲಿದ್ದ ಸಾಸೇಜಿಗೆ ಪೇಪರ್ ಮುಚ್ಚಿ "ಹೂಂ, ವೆಜ್" ಎಂದುಬಿಟ್ಟರು. ಆ ರಾತ್ರಿ ಪಂಚಶೀಲ ಹೇಳುವಾಗ ನಾಲ್ಕನೆಯದಕ್ಕೆ ಬಾಯಿ ಬರಲಿಲ್ಲವಂತೆ.

ನಾನು ಅವರಿಗೆ ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಲು ಹೇಳಿದೆ. ಯೂರೋಪು, ಅಮೆರಿಕಾದಲ್ಲಿದ್ದ ಐದು ವರ್ಷದಲ್ಲಿ ತಾನು ಅಸ್ಪೃಶ್ಯನೆಂಬುದೇ ಅವರಿಗೆ ಮರೆತುಹೋಗಿತ್ತು. ಬರೋಡಾದಲ್ಲಿ ಇಳಿದಾಗ ತಂಗಲು ಜಾಗವಿಲ್ಲ. ಪಾರ್ಸಿ ವಸತಿಗೃಹದ ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಬೇಕಾಯಿತು. ಆದರೂ ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಸುಳ್ಳು ಸುಳ್ಳೇ ಸಹೋದರಿ, ಶೀಲವನ್ನು ನಾಳೆ ಮತ್ತೆ ತೆಗೆದುಕೊಳ್ಳಿ. ಆದರೆ ನಾಚಿಕೆಪಡಬೇಕಾದವರು ಆ ಪ್ರಶ್ನೆ ಕೇಳಿದವರು ಎಂದೆ.

ನಿನ್ನೆ ಉತ್ತರ ಬಂತು. ಆ ಗುಂಪಿನ ಹುಡುಗಿಯೊಬ್ಬಳನ್ನು ಭಾನುವಾರ ರೂಮಿಗೆ ಊಟಕ್ಕೆ ಕರೆದಿದ್ದಾರಂತೆ. ಕೋಳಿಸಾರು, ಅನ್ನ. ಗೋಡೆ ಮೇಲಿನ ಬಾಬಾಸಾಹೇಬರ ಫೋಟೋ ತೆಗೆಯುವುದಿಲ್ಲವಂತೆ.

ನಮೋ ಬುದ್ಧಾಯ. ಜೈ ಭೀಮ್.